ವರದಿಯ ಸೊನ್ನೆ ನನ್ನದು, ಮಾತು ಕೇಳುತ್ತಿರುವವಳು ಹೆಂಡತಿ: ತಾಯಿಗೆ ಹೇಗೆ ಹೇಳಲಿ?

ಪ್ರಶ್ನೆ
ಬರೆದವರು: ಕಲ್ಪತರು ನಾಡಿನವ

ಎಲ್ಲರಿಗೂ ನಮಸ್ಕಾರ. ಹೆಸರು ಮರೆಸಿಕೊಂಡು ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ, ಓದುತ್ತಾ ಹೋದಂತೆ ಕಾರಣ ತಮಗೇ ತಿಳಿಯುತ್ತದೆ. ನನಗೆ 36 ವರ್ಷ, ಹೆಂಡತಿಗೆ 32. ಮದುವೆಯಾಗಿ ಆರು ವರ್ಷವಾಯಿತು. ನಾನು ತುಮಕೂರಿನ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ, ಆಕೆ ಪ್ರಾಥಮಿಕ ಶಾಲೆಯ ಶಿಕ್ಷಕಿ. ತಂದೆ ತೀರಿಕೊಂಡಿದ್ದಾರೆ. ತಾಯಿ ತಿಪಟೂರಿನ ಹತ್ತಿರದ ನಮ್ಮ ಊರಿನಲ್ಲಿ ತೋಟ ನೋಡಿಕೊಂಡಿದ್ದಾರೆ.

ಮೊದಲ ಎರಡು ವರ್ಷ ಯಾರೂ ಏನೂ ಕೇಳಲಿಲ್ಲ. ಆಮೇಲೆ ಶುರುವಾದದ್ದೆಲ್ಲ ಆಕೆಯ ಮೈಮೇಲೆಯೇ ನಡೆಯಿತು. ರಕ್ತ ಪರೀಕ್ಷೆ, ಥೈರಾಯ್ಡ್ ಪರೀಕ್ಷೆ, ತಿಂಗಳು ತಿಂಗಳೂ ಸ್ಕ್ಯಾನಿಂಗ್, ಗರ್ಭನಾಳ ಮುಚ್ಚಿಕೊಂಡಿದೆಯೇ ಎಂದು ನೋಡುವುದಕ್ಕೆ ಒಳಗೆ ದ್ರವ ಹಾಯಿಸಿ ತೆಗೆಯುವ ಎಕ್ಸ್‌ರೇ. ಆ ಎಕ್ಸ್‌ರೇ ಆದ ದಿನ ಆಟೋದಲ್ಲಿ ಹೊಟ್ಟೆ ಹಿಡಿದುಕೊಂಡು ಕುಳಿತಿದ್ದವಳು, ಮನೆ ಬರುವವರೆಗೂ ಒಂದು ಮಾತು ಆಡಲಿಲ್ಲ. ಇದರ ಜತೆಗೆ ತಾಯಿ ಕಳುಹಿಸುತ್ತಿದ್ದ ಕಷಾಯದ ಪುಡಿ, ಕುಕ್ಕೆಯಲ್ಲಿ ಆಶ್ಲೇಷಾ ಬಲಿ, ಘಾಟಿಯಲ್ಲಿ ನಾಗರಕಲ್ಲಿನ ಪ್ರತಿಷ್ಠೆ, ಊರ ಅರಳಿಕಟ್ಟೆಗೆ 48 ದಿನ ಪ್ರದಕ್ಷಿಣೆ. ಇವುಗಳನ್ನು ಹಗುರವಾಗಿ ಕಾಣುವವನು ನಾನಲ್ಲ, ನಾನೂ ಭಕ್ತಿಯಿಂದಲೇ ಕೈಮುಗಿದಿದ್ದೇನೆ. ಆದರೆ ಎಲ್ಲಿಗೆ ಹೋದರೂ ದೋಷ ಯಾರದೆಂಬುದನ್ನು ಕೇಳದೆಯೇ ತೀರ್ಮಾನಿಸಿಬಿಟ್ಟಿದ್ದರು.

ಕಳೆದ ಕಾರ್ತಿಕದಲ್ಲಿ ಹೊಸ ವೈದ್ಯೆಯೊಬ್ಬರು ನಮ್ಮ ದಪ್ಪ ಕಡತವನ್ನು ಕೊನೆಯ ಹಾಳೆಯವರೆಗೂ ತಿರುವಿಹಾಕಿ, "ಯಜಮಾನರ ರಿಪೋರ್ಟ್ ಎಲ್ಲಿ?" ಎಂದು ಕೇಳಿದರು. ಇರಲಿಲ್ಲ. ನಾಲ್ಕು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ, ನಾನಾಗಿ ಹೋಗಿರಲಿಲ್ಲ. ಕೆಲವು ನೂರು ರೂಪಾಯಿಯ ಆ ವೀರ್ಯ ಪರೀಕ್ಷೆಯ ವರದಿಯಲ್ಲಿ ವೀರ್ಯಾಣುಗಳ ಸಂಖ್ಯೆ ಎಂಬ ಸಾಲಿನ ಎದುರು ಸೊನ್ನೆ ಎಂದಿತ್ತು. ಇದಕ್ಕೆ ಅಜೂಸ್ಪರ್ಮಿಯಾ ಎನ್ನುತ್ತಾರೆಂದು ವೈದ್ಯೆ ಹೇಳಿದರು, ಮತ್ತೊಮ್ಮೆ ಪರೀಕ್ಷಿಸೋಣ ಎಂದೂ ಹೇಳಿದರು. ನಾನು ಇನ್ನೂ ಹೋಗಿಲ್ಲ.

ಆ ರಾತ್ರಿ ಹೆಂಡತಿ, "ಊರಿನಲ್ಲಿ ಹೇಳುವುದು ಬೇಡ. ನಿಮ್ಮನ್ನು ಆಡಿಕೊಂಡರೆ ನನ್ನಿಂದ ಕೇಳಲಾಗದು, ನನಗಾದರೆ ಅಭ್ಯಾಸವಾಗಿದೆ" ಎಂದಳು. ನಾನು ಬೇಡವೆನ್ನಲಿಲ್ಲ. ನಿಜ ಹೇಳಬೇಕೆಂದರೆ, ನನಗೆ ಸಮಾಧಾನವೇ ಆಯಿತು.

ಕಳೆದ ತಿಂಗಳು ನನ್ನ ತಂಗಿಯ ಸೀಮಂತ. ಹೆಂಗಸರು ಒಬ್ಬೊಬ್ಬರಾಗಿ ಮಡಿಲಕ್ಕಿ ಹಾಕುತ್ತಿದ್ದಾಗ ನನ್ನ ಹೆಂಡತಿಯೂ ಕೊಬ್ಬರಿ ಬಟ್ಟಲು, ಅಕ್ಕಿ ಹಿಡಿದು ಸಾಲಿನಲ್ಲಿ ನಿಂತಿದ್ದಳು. ತಾಯಿ ಹತ್ತಿರ ಬಂದು, ಬೇರೆಯವರಿಗೆ ಕೇಳಿಸದಷ್ಟು ಮೆಲ್ಲಗೆ, "ಒಳಗೆ ತಾಂಬೂಲದ ಚೀಲ ಕಟ್ಟುವುದಕ್ಕೆ ಯಾರೂ ಇಲ್ಲ, ಸ್ವಲ್ಪ ನೋಡಮ್ಮ" ಎಂದರು. ಆಕೆ ಕೊಬ್ಬರಿಯನ್ನು ಮರಳಿ ತಟ್ಟೆಯಲ್ಲಿಟ್ಟು, ಅಂಗೈಗೆ ಅಂಟಿದ್ದ ಅಕ್ಕಿಕಾಳುಗಳನ್ನೂ ಬಿಡಿಸಿ ಅದೇ ತಟ್ಟೆಗೆ ಹಾಕಿ ಒಳಗೆ ಹೋದಳು. ನಾನು ಶಾಮಿಯಾನದ ಕಂಬದ ಪಕ್ಕದಲ್ಲಿ ನಿಂತು ನೋಡುತ್ತಲೇ ಇದ್ದೆ.

ಅಂದಿನಿಂದ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ತಾಯಿಗೆ ಹೇಳಬೇಕು ಎನ್ನಿಸಿದೆ. ಹೇಳಿದರೆ ಅವರು ಕುಸಿದುಹೋಗುತ್ತಾರೆಂಬ ಅಂಜಿಕೆ ಒಂದು ಕಡೆ, ಊರೆಲ್ಲ ಹರಡುತ್ತದೆಂಬ ನಾಚಿಕೆ ಇನ್ನೊಂದು ಕಡೆ. ಈ ದಾರಿಯಲ್ಲಿ ನಡೆದವರು ಇಲ್ಲಿದ್ದರೆ, ಹೇಗೆ ಹೇಳಿದಿರಿ, ಹೇಳಿದ ಮೇಲೆ ಮುಂದೇನು ಮಾಡಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ 1
ಬರೆದವರು: ಮಲೆನಾಡಿನ ಮೇಷ್ಟ್ರು

ತಮ್ಮ ಪತ್ರವನ್ನು ಎರಡು ಸಲ ಓದಿದೆ. ನನಗೀಗ 48. ನನ್ನಲ್ಲಿ ಸೊನ್ನೆ ಇರಲಿಲ್ಲ, ಆದರೆ ಎಣಿಕೆ ಬಹಳ ಕಡಿಮೆಯಿತ್ತು. ನಾನು ಅದನ್ನು ಒಂಬತ್ತು ವರ್ಷ ಮುಚ್ಚಿಟ್ಟೆ. ಮುಚ್ಚಿಟ್ಟದ್ದರಿಂದ ನನ್ನ ಮರ್ಯಾದೆ ಉಳಿಯಿತೆಂದು ಭಾವಿಸಿದ್ದೆ. ಹೆಂಡತಿ ಮದುವೆ, ಮುಂಜಿ, ನಾಮಕರಣಗಳಿಗೆ ಹೋಗುವುದನ್ನು ಒಂದೊಂದಾಗಿ ನಿಲ್ಲಿಸುತ್ತಾ ಬಂದಳು, ಕೇಳಿದರೆ ತಲೆನೋವು ಎನ್ನುತ್ತಿದ್ದಳು. ಆ ತಲೆನೋವಿನ ಅರ್ಥ ನನಗೆ ಗೊತ್ತಿರಲಿಲ್ಲವೆಂದು ಹೇಳಿದರೆ ಅದು ಸುಳ್ಳಾದೀತು.

ನಾನು ಹೇಳಿದ ರೀತಿ ಮಾತ್ರ ತಮಗೆ ಮಾದರಿಯಾಗುವಂಥದ್ದಲ್ಲ. ನನ್ನ ಅಕ್ಕ ಹಬ್ಬದ ಊಟದ ಎಲೆಯ ಮುಂದೆ ಏನೋ ಅಂದಾಗ ಸಿಟ್ಟಿನಲ್ಲಿ ಹನ್ನೆರಡು ಜನರ ನಡುವೆ ಕೂಗಿ ಹೇಳಿಬಿಟ್ಟೆ. ಅದರಿಂದ ಹೆಂಡತಿಗೆ ನೆಮ್ಮದಿ ಸಿಗುವ ಬದಲು ಮುಜುಗರವೇ ಆಯಿತು. ಆದ್ದರಿಂದ ಕಾರ್ಯದ ಮನೆಯಲ್ಲಿ ಹೇಳಬೇಡಿ, ಫೋನಿನಲ್ಲಿ ಹೇಳಬೇಡಿ, ಬೇರೊಬ್ಬರ ಬಾಯಿಂದ ಹೇಳಿಸಬೇಡಿ. ತಾಯಿಯ ಕೈಗೆ ಏನಾದರೂ ಕೆಲಸವಿರುವ ಹೊತ್ತು ನೋಡಿ ಹೇಳಿ. ಎದುರುಬದುರು ಕುಳಿತು ಕೇಳಲಾಗದ ಮಾತನ್ನು ಕೈ ಆಡುತ್ತಿರುವಾಗ ಕೇಳುವುದು ಅವರಿಗೂ ಸುಲಭ.

ಇನ್ನೊಂದು ಮಾತು. ಸಾಲುಮರದ ತಿಮ್ಮಕ್ಕನವರ ಉದಾಹರಣೆ ಕೊಟ್ಟು ಸಮಾಧಾನ ಹೇಳುವವರು ತಮಗೂ ಸಿಕ್ಕಿರಬಹುದು. ಆ ತಾಯಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ನಮ್ಮ ಮನೆಗೆ ಬಂದು ಹಾಗೆ ಹೇಳಿದವರೆಲ್ಲ ತಮ್ಮ ಮೊಮ್ಮಕ್ಕಳ ನಾಮಕರಣದ ಪತ್ರಿಕೆ ಕೊಡುವುದಕ್ಕೆ ಬಂದವರೇ ಆಗಿದ್ದರು.

ಉತ್ತರ 2
ಬರೆದವರು: ಸೂಕ್ಷ್ಮದರ್ಶಕ

ನಾನು ಬೆಂಗಳೂರಿನಲ್ಲಿ ಹದಿನೈದು ವರ್ಷ ಇಂಥ ಪ್ರಯೋಗಾಲಯಗಳಲ್ಲಿ ಕೆಲಸ ಮಾಡಿದವನು, ವೈದ್ಯನಲ್ಲ. ತಾಯಿಯ ವಿಚಾರಕ್ಕಿಂತ ಮೊದಲು, ತಾವು ಏಳು ತಿಂಗಳಿನಿಂದ ಮುಂದೂಡುತ್ತಿರುವ ಎರಡನೆಯ ಪರೀಕ್ಷೆಯ ಬಗ್ಗೆ ಹೇಳಲೇಬೇಕು. ಒಂದೇ ವರದಿಯ ಮೇಲೆ ಯಾರನ್ನೂ ಅಜೂಸ್ಪರ್ಮಿಯಾ ಎಂದು ತೀರ್ಮಾನಿಸುವುದಿಲ್ಲ. ಮಾದರಿಯನ್ನು ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ತಳದಲ್ಲಿ ನಿಂತ ಗಸಿಯನ್ನೂ ಸೂಕ್ಷ್ಮದರ್ಶಕದ ಕೆಳಗೆ ಹುಡುಕಿದ ಮೇಲೆಯೇ ಸೊನ್ನೆ ಎಂದು ಬರೆಯಬೇಕು. ವೀರ್ಯಾಣು ತಯಾರಾಗುವುದಕ್ಕೆ ಸುಮಾರು ಎರಡೂವರೆ ತಿಂಗಳು ಬೇಕಾಗುವುದರಿಂದ, ಪರೀಕ್ಷೆಗೆ ಎರಡು ತಿಂಗಳ ಹಿಂದೆ ಬಂದುಹೋದ ಜೋರು ಜ್ವರವೂ ಎಣಿಕೆಯನ್ನು ಕೆಳಗೆ ತಳ್ಳಬಹುದು. ಹೋಲಿಕೆಗೆ ಹೇಳುವುದಾದರೆ, ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಒಂದು ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣುಗಳನ್ನು ಕೆಳಗಿನ ಮಿತಿಯೆಂದು ಕೊಟ್ಟಿದ್ದಾರೆ.

ಎರಡನೆಯ ಸಲವೂ ಸೊನ್ನೆಯೇ ಬಂದರೆ, ಮುಂದಿನ ಪ್ರಶ್ನೆ ಅದು ಯಾವ ಬಗೆಯ ಸೊನ್ನೆ ಎಂಬುದು. ಒಳಗೆ ತಯಾರಾಗುತ್ತಿದ್ದು ಹೊರಬರುವ ದಾರಿ ಕಟ್ಟಿಕೊಂಡಿರಬಹುದು, ಅಥವಾ ತಯಾರಿಯೇ ಕುಂದಿರಬಹುದು. ಮೂತ್ರಾಂಗ ತಜ್ಞರು ಕೈಯಿಂದ ಪರೀಕ್ಷಿಸಿ, ಎಫ್‌ಎಸ್‌ಎಚ್ ಮತ್ತು ಟೆಸ್ಟೋಸ್ಟೆರಾನ್ ಹಾರ್ಮೋನುಗಳ ರಕ್ತ ಪರೀಕ್ಷೆ ಮಾಡಿಸಿ ಬಹುಮಟ್ಟಿಗೆ ಹೇಳುತ್ತಾರೆ. ಕೆಲವರಿಗೆ ವೀರ್ಯನಾಳವೇ ಹುಟ್ಟಿನಿಂದ ಇರುವುದಿಲ್ಲ. ದಾರಿ ಕಟ್ಟಿದ್ದರೆ ಸೂಜಿಯಿಂದ ವೃಷಣದಿಂದಲೇ ವೀರ್ಯಾಣು ತೆಗೆದು, ಒಂದೊಂದು ಅಂಡಾಣುವಿಗೆ ಒಂದೊಂದನ್ನು ಚುಚ್ಚಿ ಸೇರಿಸುವ ಇಕ್ಸಿ ಎಂಬ ವಿಧಾನ 1992ರಿಂದಲೂ ಇದೆ. ತಯಾರಿ ಕುಂದಿದ್ದರೂ ಕೆಲವರಲ್ಲಿ ಶಸ್ತ್ರಕ್ರಿಯೆಯಿಂದ ಅಲ್ಲಲ್ಲಿ ಸಿಗುತ್ತವೆ, ಎಲ್ಲರಲ್ಲಿಯೂ ಸಿಗುವುದಿಲ್ಲ. ಅದಕ್ಕೆ ಮೊದಲು ವೈ ವರ್ಣತಂತುವಿನ ಪರೀಕ್ಷೆ ಮಾಡಿಸಲು ಹೇಳಿದರೆ ಖರ್ಚೆಂದು ಬಿಡಬೇಡಿ, ಏಕೆಂದರೆ ಅಲ್ಲಿನ ಕೆಲವು ಕೊರತೆಗಳಿದ್ದರೆ ಶಸ್ತ್ರಕ್ರಿಯೆಯೇ ವ್ಯರ್ಥ, ಇನ್ನು ಕೆಲವು ಹುಟ್ಟುವ ಗಂಡುಮಗುವಿಗೂ ಸಾಗುತ್ತವೆ.

ಎರಡು ಪ್ರಶ್ನೆಗಳಿಗೆ ಉತ್ತರ ಸಿದ್ಧವಾಗಿಟ್ಟುಕೊಳ್ಳಿ. ಮೈಕಟ್ಟಿಗೆಂದು ಜಿಮ್‌ನಲ್ಲಿ ಕೊಡುವ ಟೆಸ್ಟೋಸ್ಟೆರಾನ್ ಚುಚ್ಚುಮದ್ದನ್ನು ಎಂದಾದರೂ ತೆಗೆದುಕೊಂಡಿದ್ದೀರಾ? ಗಂಡಸುತನ ಹೆಚ್ಚಿಸುತ್ತದೆಂದು ತೆಗೆದುಕೊಳ್ಳುವ ಆ ಮದ್ದು ವೀರ್ಯಾಣು ತಯಾರಿಯನ್ನೇ ನಿಲ್ಲಿಸಿಬಿಡಬಲ್ಲದು, ಬಿಟ್ಟ ಮೇಲೆ ಅನೇಕರಲ್ಲಿ ತಯಾರಿ ಮರಳುತ್ತದೆ. ಎರಡನೆಯದು, ಮೀಸೆ ಮೂಡುವ ವಯಸ್ಸಿನಲ್ಲಿ ಮಂಗನಬಾವು ಬಂದಿತ್ತೇ, ಬಂದಾಗ ಕೆಳಗೂ ಊತವಿತ್ತೇ? ಬಹುಮಟ್ಟಿಗೆ ಊತ ಒಂದೇ ಬದಿಗಿರುತ್ತದೆ, ಪೂರ್ತಿ ಬಂಜೆತನ ಬರುವುದು ಅಪರೂಪ, ಆದರೂ ವೈದ್ಯರು ಕೇಳಿಯೇ ಕೇಳುತ್ತಾರೆ. ಹೆದ್ದಾರಿಯ ಗೋಡೆಗಳ ಮೇಲೆ ಬರೆದಿರುವ ಲೇಹ್ಯದವರ ಬಳಿಗೆ ಮಾತ್ರ ಹೋಗಬೇಡಿ.

ಮಾದರಿ ಕೊಡುವ ಕೋಣೆಯ ಬಗ್ಗೆ ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ನಾನು ಕೆಲಸ ಮಾಡಿದ ಒಂದು ಕಡೆ ಆ ಕೋಣೆಯ ಚಿಲಕ ಸರಿಯಾಗಿ ಬೀಳುತ್ತಿರಲಿಲ್ಲ, ಹೊರಗೆ ಬಿಲ್ಲಿನ ಸಾಲು ನಿಂತಿರುತ್ತಿತ್ತು. ಒಳಗಿನಿಂದ ಡಬ್ಬಿ ಹಿಡಿದು ಬರುವ ಗಂಡಸರ ಮುಖ ನನಗೆ ಇಂದಿಗೂ ನೆನಪಿದೆ. ಮನೆ ಹತ್ತಿರವಿದ್ದರೆ, ಮೊದಲೇ ಕೇಳಿ, ಮನೆಯಿಂದಲೇ ತರಬಹುದು. ಎರಡರಿಂದ ಏಳು ದಿನಗಳ ಸಂಯಮ ಇರಬೇಕು, ಡಬ್ಬಿಯನ್ನು ಅಂಗಿಯ ಒಳಜೇಬಿನಲ್ಲಿ ಮೈಗೆ ಒತ್ತಿದಂತೆ ಇಟ್ಟುಕೊಂಡು ಒಂದು ಗಂಟೆಯೊಳಗೆ ತಲುಪಿಸಬೇಕು.

ಗುಟ್ಟಿನ ವಿಚಾರಕ್ಕೆ ಬರುತ್ತೇನೆ. ನಮ್ಮ ದೇಶದ ಮೊದಲ ಪ್ರನಾಳ ಶಿಶು 1978ರ ಅಕ್ಟೋಬರ್ 3ರಂದು ಕೊಲ್ಕತ್ತದಲ್ಲಿ ಹುಟ್ಟಿತು, ಇಂಗ್ಲೆಂಡಿನ ಮೊದಲ ಶಿಶು ಹುಟ್ಟಿ ಮೂರು ತಿಂಗಳೂ ಆಗಿರಲಿಲ್ಲ. ಅದನ್ನು ಸಾಧಿಸಿದ ಡಾ. ಸುಭಾಷ್ ಮುಖ್ಯೋಪಾಧ್ಯಾಯರ ಮಾತನ್ನು ಸರ್ಕಾರದ ಸಮಿತಿ ನಂಬಲಿಲ್ಲ, ಅವರು 1981ರಲ್ಲಿ ನೊಂದು ಪ್ರಾಣ ಬಿಟ್ಟರು. ಸಮಾಜಕ್ಕೆ ಅಂಜಿದ ತಂದೆತಾಯಿ ಮಗುವನ್ನು ಮುಂದೆ ತರಲಿಲ್ಲ, ಲೋಕಕ್ಕೆ ಅವಳು ದುರ್ಗಾ ಎಂಬ ಹೆಸರಷ್ಟೇ ಆಗಿದ್ದಳು. ಮುಂಬೈಯಲ್ಲಿ 1986ರ ಪ್ರನಾಳ ಶಿಶುವಿನ ಕೆಲಸದಲ್ಲಿ ಡಾ. ಇಂದಿರಾ ಹಿಂದುಜಾ ಅವರ ಜತೆಗಿದ್ದು, ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಡಾ. ಟಿ. ಸಿ. ಆನಂದಕುಮಾರ್ ಅವರು ಆ ಹಳೆಯ ಟಿಪ್ಪಣಿಗಳನ್ನು ಓದಿ, ಮೊದಲಿಗರು ತಾವಲ್ಲ, ಮುಖ್ಯೋಪಾಧ್ಯಾಯರೇ ಎಂದು 1997ರಲ್ಲಿ ಬರೆದರು. ಪ್ರಯೋಗಾಲಯದಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರು ಮೊದಲ ದಿನ ಹೇಳಿದ ಕಥೆ ಇದೇ.

ಉತ್ತರ 3
ಬರೆದವರು: ಮೂರನೆಯ ಸಲ

ಮೇಲಿನ ಇಬ್ಬರೂ ತಮಗೆ ಹೇಗೆ ಹೇಳಬೇಕೆಂದು, ಏನು ಪರೀಕ್ಷಿಸಿಕೊಳ್ಳಬೇಕೆಂದು ಹೇಳಿದ್ದಾರೆ. ತಮ್ಮ ಹೆಂಡತಿಯನ್ನು ಕೇಳಿದಿರಾ ಎಂದು ಯಾರೂ ಕೇಳಿಲ್ಲ. ಗುಟ್ಟನ್ನು ಇಟ್ಟುಕೊಳ್ಳೋಣ ಎಂದವರು ಅವರು, ಅದಕ್ಕಾಗಿ ಏಳು ತಿಂಗಳು ಬೆಲೆ ತೆತ್ತವರೂ ಅವರೇ. ಈಗ ತಮಗೆ ನಿದ್ದೆ ಬರುತ್ತಿಲ್ಲವೆಂಬ ಕಾರಣಕ್ಕೆ ಒಂದು ದಿನ ಹೋಗಿ ಹೇಳಿ ಬಂದರೆ, ಅದೂ ತಮಗಾಗಿಯೇ ಮಾಡಿದಂತಾಗುತ್ತದೆ. ಕಟುವಾಗಿ ಬರೆದೆನೆನ್ನಿಸಿದರೆ ಕ್ಷಮಿಸಿ. ಆ ಅಕ್ಕಿಕಾಳು ಬಿಡಿಸಿದ ಸಾಲನ್ನು ಓದಿದ ಮೇಲೆ ಮೆತ್ತಗೆ ಬರೆಯುವುದಕ್ಕೆ ನನ್ನಿಂದ ಆಗಲಿಲ್ಲ.

ನನ್ನ ಗಂಡನಿಗೂ ಎಣಿಕೆ ಕಡಿಮೆಯಿತ್ತು. ನಮ್ಮದು ಹುಬ್ಬಳ್ಳಿ. ಮೂರು ಸಲ ಇಕ್ಸಿ ಮಾಡಿಸಿಕೊಂಡಿದ್ದೇವೆ. ತಾವು ತಿಳಿದಿರಬೇಕಾದದ್ದು ಇಷ್ಟು: ಕೊರತೆ ಗಂಡಸಿನದಾದರೂ ಚಿಕಿತ್ಸೆಯ ಬಹುಪಾಲು ನಡೆಯುವುದು ಹೆಂಗಸಿನ ಮೈಮೇಲೆ. ಹತ್ತು ಹನ್ನೆರಡು ದಿನ ಹೊಟ್ಟೆಗೆ ದಿನವೂ ಚುಚ್ಚುಮದ್ದು. ಎರಡು ದಿನಕ್ಕೊಮ್ಮೆ ಸ್ಕ್ಯಾನಿಂಗ್. ಅಂಡಾಣು ಹೊರತೆಗೆಯುವುದಕ್ಕೆ ಸುಮಾರು ಮೂವತ್ತಾರು ಗಂಟೆ ಮೊದಲು, ಗಡಿಯಾರ ನೋಡಿಕೊಂಡು ಕೊಡಬೇಕಾದ ಇನ್ನೊಂದು. ನಮಗೆ ಅದು ರಾತ್ರಿ ಹನ್ನೊಂದಕ್ಕೆ ಬಿದ್ದಿತ್ತು, ನರ್ಸಮ್ಮನ ಮನೆಯ ಬಾಗಿಲು ತಟ್ಟಿ ಹಾಕಿಸಿಕೊಂಡೆ. ಮಂಪರು ಕೊಟ್ಟು ಅಂಡಾಣು ತೆಗೆಯುತ್ತಾರೆ, ಭ್ರೂಣವನ್ನು ಮೂರನೆಯ ಅಥವಾ ಐದನೆಯ ದಿನ ಒಳಗಿಡುತ್ತಾರೆ, ಆಮೇಲೆ ಎರಡು ವಾರ ಕಾಯುವುದು. ಆ ಎರಡು ವಾರಗಳಲ್ಲಿ ಶೌಚಾಲಯಕ್ಕೆ ಹೋಗುವಾಗಲೆಲ್ಲ ಮುಟ್ಟಾಗಿದೆಯೇನೋ ಎಂದು ಎದೆ ಹೊಡೆದುಕೊಳ್ಳುವುದನ್ನು ಗಂಡಸರಿಗೆ ಹೇಗೆ ವಿವರಿಸಬೇಕೋ ತಿಳಿಯದು. ಮೊದಲ ಸಲ ನಿಲ್ಲಲಿಲ್ಲ. ಎರಡನೆಯ ಸಲ ನಿಂತು, ಎಂಟನೆಯ ವಾರಕ್ಕೆ ಹೋಯಿತು. ಮೂರನೆಯದರ ಫಲಿತಾಂಶ ಮುಂದಿನ ಬುಧವಾರ ಬರುತ್ತದೆ. ಮೊದಲ ಸಲಕ್ಕೇ ಎರಡು ಲಕ್ಷ ರೂಪಾಯಿ ದಾಟಿತು. ನಮ್ಮ ವಿಮೆಯವರು ಒಂದು ರೂಪಾಯಿಯನ್ನೂ ಕೊಡಲಿಲ್ಲ, ಚೀಟಿ ಎತ್ತಿ ಕಟ್ಟಿದೆವು.

ಇಷ್ಟನ್ನೂ ಮಾಡಿಸಿಕೊಂಡು, ಮೇಲೆ ಬಂಜೆ ಎನ್ನಿಸಿಕೊಳ್ಳುವುದನ್ನೂ ತಮ್ಮ ಹೆಂಡತಿ ಹೊರಬೇಕೇ ಎಂಬುದನ್ನು ಅವರೊಂದಿಗೆ ಕುಳಿತು ಮಾತನಾಡಿ. ಅವರು ಈಗಲೂ ಬೇಡವೆಂದರೆ ಕಾರಣವನ್ನೂ ಕೇಳಿ.

ಕಾನೂನಿನ ವಿಚಾರ ಒಂದಿದೆ. ಸಂತಾನೋತ್ಪತ್ತಿ ತಂತ್ರಜ್ಞಾನದ 2021ರ ಕಾಯ್ದೆ 2022ರ ಜನವರಿಯಿಂದ ಜಾರಿಯಲ್ಲಿದೆ. ಕ್ಲಿನಿಕ್‌ಗಳು ನೋಂದಣಿ ಮಾಡಿಸಿಕೊಂಡಿರಬೇಕು, ದಂಪತಿಗೆ ಆಪ್ತಸಮಾಲೋಚನೆ ಒದಗಿಸಬೇಕು, ಲಿಖಿತ ಒಪ್ಪಿಗೆ ಪಡೆಯಬೇಕು. ಚಿಕಿತ್ಸೆಗೆ ಹೆಂಗಸಿನ ವಯಸ್ಸು 21ರಿಂದ 50, ಗಂಡಸಿನದು 21ರಿಂದ 55. ದಾನಿಯ ವೀರ್ಯ ಬೇಕಾದರೆ ನೋಂದಾಯಿತ ಬ್ಯಾಂಕಿನಿಂದಲೇ ಬರುತ್ತದೆ, ದಾನಿ ಯಾರೆಂದು ತಮಗೆ ತಿಳಿಸುವುದಿಲ್ಲ, ಹುಟ್ಟಿದ ಮಗು ಕಾನೂನಿನ ಕಣ್ಣಿನಲ್ಲಿ ಎಲ್ಲ ರೀತಿಯಿಂದಲೂ ತಮ್ಮದೇ. ಆ ದಾರಿಗೆ ತಾವಿಬ್ಬರೂ ಮನಸಾರೆ ಒಪ್ಪಬೇಕು. ಒಬ್ಬರ ಮೌನವನ್ನು ಒಪ್ಪಿಗೆಯೆಂದು ತೆಗೆದುಕೊಳ್ಳುವ ರೂಢಿ ತಮ್ಮ ಮನೆಯಲ್ಲಿ ಈಗಾಗಲೇ ಸಾಕಷ್ಟಿದೆ.

ಉತ್ತರ 4
ಬರೆದವರು: ಪುಟ್ಟಿಯ ಅಮ್ಮ

ಮೈಸೂರಿನಿಂದ ಬರೆಯುತ್ತಿದ್ದೇನೆ. ನಾವು ಎರಡು ಸಲ ಐವಿಎಫ್ ಮಾಡಿಸಿ, ಸಾಕೆನ್ನಿಸಿ, ದತ್ತು ತೆಗೆದುಕೊಂಡವರು. ದತ್ತು ತೆಗೆದುಕೊಂಡರೆ ಹೊಟ್ಟೆಯಲ್ಲಿಯೂ ಒಂದು ನಿಲ್ಲುತ್ತದೆ ಎಂದು ಹೇಳುವವರು ತಮಗೂ ಸಿಗುತ್ತಾರೆ. ಆ ಮಾತನ್ನು ನನ್ನ ಮಗಳ ಎದುರಿನಲ್ಲಿಯೇ ಆಡಿದವರಿದ್ದಾರೆ, ಅವಳು ಯಾವುದೋ ಹರಕೆಯ ಸಾಮಾನು ಎಂಬಂತೆ. ಅದಕ್ಕಾಗಿ ದತ್ತು ತೆಗೆದುಕೊಳ್ಳುವುದಾದರೆ ದಯವಿಟ್ಟು ತೆಗೆದುಕೊಳ್ಳಬೇಡಿ.

ನಿಜವಾಗಿ ಬೇಕೆನ್ನಿಸಿದರೆ, ಕಾರಾ ಎಂಬ ಕೇಂದ್ರ ಸಂಸ್ಥೆಯ ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕು. ಮದುವೆಯಾಗಿ ಎರಡು ವರ್ಷ ಆಗಿರಬೇಕು, ಇಬ್ಬರ ಒಪ್ಪಿಗೆಯೂ ಇರಬೇಕು. ಎರಡು ವರ್ಷದೊಳಗಿನ ಮಗುವಾದರೆ ಗಂಡಹೆಂಡಿರ ವಯಸ್ಸಿನ ಮೊತ್ತ 85 ದಾಟಿರಬಾರದು, ತಮ್ಮದು 68. ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಬರೆಯುತ್ತಾರೆ, ನಮ್ಮಲ್ಲಿ ಬಂದವರು ಅತ್ತೆಯವರನ್ನೂ ಪ್ರತ್ಯೇಕವಾಗಿ ಮಾತನಾಡಿಸಿದರು. ಆದ್ದರಿಂದ ಆ ದಾರಿಯಲ್ಲಿ ತಾಯಿಗೆ ಹೇಳದೆ ಒಂದು ಹೆಜ್ಜೆಯೂ ಮುಂದೆ ಹೋಗುವುದು ಕಷ್ಟ. ನಮ್ಮ ಕಾಲದಲ್ಲಿ ಆದೇಶಕ್ಕೆ ನ್ಯಾಯಾಲಯಕ್ಕೆ ಹೋಗಬೇಕಿತ್ತು, 2022ರ ಸೆಪ್ಟೆಂಬರಿನಿಂದ ಜಿಲ್ಲಾಧಿಕಾರಿಗಳೇ ಆದೇಶ ಕೊಡುತ್ತಾರೆ. ಕಾಯುವ ಕಾಲ ಮಾತ್ರ ದೀರ್ಘ, ನಮಗೆ ಮೂರು ವರ್ಷವಾಯಿತು. ಚಿಕಿತ್ಸೆ ಮುಗಿದ ಮೇಲೆ ನೋಡೋಣ ಎಂದು ಕುಳಿತುಕೊಳ್ಳದೆ, ಮನಸ್ಸಿದ್ದರೆ ಈಗಲೇ ವಿಚಾರಿಸಿ.

ಮರುಬರಹ
ಬರೆದವರು: ಕಲ್ಪತರು ನಾಡಿನವ

ಎಲ್ಲರಿಗೂ ಕೃತಜ್ಞತೆಗಳು. "ಮೂರನೆಯ ಸಲ" ಅವರ ಬುಧವಾರ ಕಳೆದಿರಬಹುದು, ಒಳ್ಳೆಯ ಸುದ್ದಿ ಬಂದಿರಲೆಂದು ನಾವಿಬ್ಬರೂ ಹಾರೈಸುತ್ತೇವೆ. ನಾವಿಬ್ಬರೂ ಎನ್ನಲು ಕಾರಣವಿದೆ, ಈ ಎಲ್ಲ ಉತ್ತರಗಳನ್ನೂ ನನ್ನ ಹೆಂಡತಿಗೆ ಓದಲು ಕೊಟ್ಟೆ. ಅವಳು ಮೂರನೆಯ ಉತ್ತರದ ಮೇಲೆ ಬಹಳ ಹೊತ್ತು ನಿಂತಳು. ಆಮೇಲೆ, "ನಿಮ್ಮ ಮನಸ್ಸಿನ ಭಾರ ಇಳಿಸಿಕೊಳ್ಳುವುದಕ್ಕೆ ಹೇಳುವುದಾದರೆ ಬೇಡ. ಮಡಿಲಕ್ಕಿಯ ಸಾಲಿನಿಂದ ನನ್ನನ್ನು ಎಬ್ಬಿಸಿದರಲ್ಲ, ಅದಕ್ಕೆ ಹೇಳುವುದಾದರೆ ಹೇಳಿ" ಎಂದಳು.

ಭಾನುವಾರ ಒಬ್ಬನೇ ಊರಿಗೆ ಹೋದೆ. ತಾಯಿ ಅಟ್ಟದಿಂದ ಇಳಿಸಿದ ಕಾಯಿಗಳ ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಿದ್ದರು. ಮೇಷ್ಟ್ರು ಹೇಳಿದ್ದು ನೆನಪಾಗಿ, ಪಕ್ಕದಲ್ಲಿ ಕುಳಿತು ನಾನೂ ಒಂದು ಕಾಯಿ ಕೈಗೆ ತೆಗೆದುಕೊಂಡು, ತೊಂದರೆ ಇರುವುದು ಅವಳಲ್ಲಿ ಅಲ್ಲ, ನನ್ನಲ್ಲಿ, ಪರೀಕ್ಷೆಯಲ್ಲಿ ಗೊತ್ತಾಗಿದೆ ಎಂದೆ. ಅವರು ಇನ್ನೂ ಎರಡು ಕಾಯಿ ಒಡೆದರು. ಆಮೇಲೆ, "ಅವಳಿಗೆ ಯಾವಾಗಿನಿಂದ ಗೊತ್ತು?" ಎಂದು ಕೇಳಿದರು. ಏಳು ತಿಂಗಳಿನಿಂದ ಎಂದೆ. "ಸೀಮಂತದ ದಿನವೂ ಗೊತ್ತಿತ್ತೇನಪ್ಪ?" ಗೊತ್ತಿತ್ತು ಎಂದೆ. ಕತ್ತಿಯನ್ನು ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಎದ್ದು ಒಳಗೆ ಹೋದರು.

ಅರ್ಧ ಗಂಟೆ ಬಿಟ್ಟು ಕಾಫಿ ತಂದರು. ಆಗ ನಾನು ಮಂಗನಬಾವಿನ ಪ್ರಶ್ನೆ ಕೇಳಿದೆ. ನನಗೆ ನೆನಪಿಲ್ಲದ್ದು ಅವರಿಗೆ ದಿನವಾರ ಸಮೇತ ನೆನಪಿತ್ತು: ಒಂಬತ್ತನೆಯ ತರಗತಿಯ ಬೇಸಿಗೆ, ಎರಡು ಕೆನ್ನೆಯೂ ಊದಿ, ಜ್ವರ ಏರಿ, ಕೆಳಗೆ ಬಾವು ಬಂದು ನಾಲ್ಕು ದಿನ ನಾನು ಕಾಲಗಲಿಸಿ ನಡೆದದ್ದು, ತಂದೆ ತೋಟದ ಕೆಲಸ ಮುಗಿಯಲಿ ಎಂದದ್ದು, ಆಸ್ಪತ್ರೆಗೆ ಕರೆದೊಯ್ಯದೆ ಇವರು ಬೇವಿನ ಸೊಪ್ಪು ಅರೆದು ಹಚ್ಚಿದ್ದು. "ಅದರಿಂದಲೇ ಆಯಿತೇನಪ್ಪ?" ಎಂದು ಮೂರು ಸಲ ಕೇಳಿದರು. ಡಾಕ್ಟರು ನೋಡಿ ಹೇಳಬೇಕು, ಅದರಿಂದ ಹೀಗಾಗುವುದು ಅಪರೂಪವಂತೆ ಎಂದೆ. ನಂಬಿದರೋ ಇಲ್ಲವೋ ಹೇಳಲಾರೆ.

ನಾನು ತುಮಕೂರು ತಲುಪುವ ಮೊದಲೇ ಅವರು ನನ್ನ ಹೆಂಡತಿಗೆ ಫೋನು ಮಾಡಿದ್ದರು. ಏನು ಮಾತನಾಡಿದರೆಂದು ಇಬ್ಬರೂ ನನಗೆ ಹೇಳಿಲ್ಲ. ಎಲ್ಲ ಸರಿಹೋಯಿತೇ ಎಂದು ಕೇಳಿದ್ದಕ್ಕೆ ಅವಳು ಅಕ್ಕಿ ತೊಳೆಯುತ್ತಲೇ, "ನಾಲ್ಕು ವರ್ಷದ ಮಾತು, ಇಪ್ಪತ್ತು ನಿಮಿಷದ ಫೋನು" ಎಂದಳು.

ದಾನಿಯ ವೀರ್ಯ, ದತ್ತು ಎರಡನ್ನೂ ಮಾತನಾಡಿದ್ದೇವೆ. ಎರಡನೆಯ ವರದಿ ಬರುವವರೆಗೆ ಏನನ್ನೂ ತೀರ್ಮಾನಿಸುವುದು ಬೇಡವೆಂದು ಆಕೆ ಹೇಳಿದ್ದಾಳೆ, ಕಾರಾದ ನಿಯಮಗಳನ್ನು ಮಾತ್ರ ಓದಲು ಶುರುಮಾಡಿದ್ದಾಳೆ. ಮುಂದಿನ ಸೋಮವಾರ ಬೆಳಿಗ್ಗೆ ಪರೀಕ್ಷೆ, ಅದೇ ದಿನ ಮಧ್ಯಾಹ್ನ ಮೂತ್ರಾಂಗ ತಜ್ಞರ ಭೇಟಿ. ಮಾದರಿಯನ್ನು ಮನೆಯಿಂದಲೇ ತರಬಹುದೆಂದು ಪ್ರಯೋಗಾಲಯದವರು ಒಪ್ಪಿದ್ದಾರೆ. ವರದಿ ಬಂದ ಮೇಲೆ ಇಲ್ಲಿಯೇ ಬರೆಯುತ್ತೇನೆ.